ಗಿಡ್ಡ ರೆಕ್ಕೆಯ ಜಿರಲೆಗಳು

ಅಣ್ಣ ಆ ವರ್ಷ ಕಬ್ಬು ಕಡಿಸಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಳಿಸಿದ ಮೇಲೆ ರವದಿಗೆ ಬೆಂಕಿ ಹಚ್ಚಲಿಲ್ಲ; ಒಣಗಿದ ಆ ಗರಿಗಳನ್ನು ಹೊಲದಲ್ಲೇ ಕೊಳೆಯಲು ಬಿಟ್ಟಿದ್ದ. ತವರೂರು ರನ್ನ ಬೆಳಗಲಿಗೆ ಹೋಗಿದ್ದ ನಾನು ಸುಮ್ಮನೆ ಒಂದಿಷ್ಟು ರವದಿ ಎತ್ತಿ ನೋಡಿದೆ. ಕೆಳಗಿದ್ದ ಸಣ್ಣ ಕಂದು ಜಿರಲೆಗಳು ದಿಕ್ಕಾಪಾಲಾಗಿ ಓಡಿದವು. ರೆಕ್ಕೆ ಗಿಡ್ಡವಾಗಿದ್ದವು. ಇನ್ನೂ ಮರಿಗಳೆಂದುಕೊಂಡೆ. ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಬೆಳೆದ ಮೇಲೆ ವಿದ್ಯಾರ್ಥಿಗಳಿಗೆ ತೋರಿಸೋಣವೆಂದು ನಾಲ್ಕೈದನ್ನು ಬಾಟಲಿಗೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಅತ್ತೆ ಬಾಟಲಿ ನೋಡಿದವರೇ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಅಯ್ಯ ಯವ್ವಾ! ಮನ್ಯಾಗಿನ ಜೊಂಡಿಗ್ಯಾ ಸಾಯಲಿ ಅಂತ ನಾ ಔಷಧ ಹೊಡೀತೇನಿ, ನೀ ಹೊಲದಾಗಿನವನ್ನ ತಂದು ಸಾಕಾಕತ್ತಿ?"

"ರೆಕ್ಕಿ ಬರೂತನಾ ಅಷ್ಟರೀ, ಅತ್ತಿ."

ರೆಕ್ಕೆ ಬರಲಿಲ್ಲ. ಒಂದು ಮುಂಜಾನೆ ನೋಡಿದರೆ ಒಂದರ ಹಿಂಭಾಗದಿಂದ ಮೊಟ್ಟೆಯ ಕೋಶ ಚಾಚಿಕೊಂಡಿತ್ತು. ಮರಿಗಳು ಮೊಟ್ಟೆ ಇಡುವುದಿಲ್ಲ. ಅಂದರೆ ಇದು ಪೂರ್ತಿ ಬೆಳೆದ ಹುಳು, ಅದರ ರೆಕ್ಕೆ ಇರುವುದೇ ಅಷ್ಟು! ನಾನು ಕೂಗಿದ ಅಬ್ಬರಕ್ಕೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಏನಾತು? ಕೈ ಸುಟ್ಕೊಂಡೇನ?"

"ಅತ್ತಿ, ಇದು ಬಸರ ಐತ್ರಿ!"

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾರ ಛಲೋ ಊಟಾ ಹಾಕಬೇಕು ಅದಕ್ಕ," ಎಂದರು. ಅಂದಿನಿಂದ ಜೋಳದ ನುಚ್ಚು ಹಾಕುವುದು ಅವರದೇ ಕೆಲಸವಾಯಿತು.

ಧಾರವಾಡದಲ್ಲಿದ್ದ ನನ್ನ ಗುರುಗಳಿಗೆ ಫೋನ್ ಮಾಡಿದೆ. ಬೇರೆ ಬೇರೆ ಕುಲಗಳಲ್ಲಿ ಸೇರಿಹೋಗಿದ್ದ ಗಿಡ್ಡ ರೆಕ್ಕೆಯ ಜಿರಲೆಗಳನ್ನು ಒಟ್ಟು ಮಾಡಿ, ಇವುಗಳದೇ ಒಂದು ಗುಂಪು ಎಂದು ಅವರು ಆಗಷ್ಟೇ ಗುರುತಿಸಿದ್ದರು.

"ಎರಡೂ ರೆಕ್ಕಿ ಬೆನ್ನ ಮ್ಯಾಲೆ ಕೂಡ್ತಾವೇನವಾ?"

"ಇಲ್ರಿ ಸರ್. ನಡುವ ಬೆನ್ನು ಕಾಣತೈತ್ರಿ."

"ಖರೆ?" ಅವರ ದನಿಯೇ ಏರಿತು. "ಹಂಗಾರ ಇದು ನಮ್ಮ ಗುಂಪಿಂದ! ಕಬ್ಬಿನ ಹೊಲದಾಗಿನ ಇಂಥಾದ್ದನ್ನ ಇನ್ನೂ ಯಾರೂ ವರ್ಣಿಸಿಲ್ಲ, ಹೊಸಾ ಜಾತಿ ಇರಬೇಕು. ಇದರ ವರ್ಣನೆ ನೀನ ಬರಿ. ಆದ್ರ ಗಂಡು ಸಿಗಬೇಕು, ಗಂಡಿನ ಗುರುತಿಲ್ದ ಜಾತಿ ಖಾತ್ರಿ ಆಗಂಗಿಲ್ಲ."

ಬೀಳಗಿ, ಬನಹಟ್ಟಿ ಕಡೆಯ ಹೊಲಗಳಲ್ಲೆಲ್ಲ ರವದಿ ಕೆದರಿದೆ. ಬಾಟಲಿಯಲ್ಲಿದ್ದವುಗಳಂತೆ ಅಲ್ಲಿ ಸಿಕ್ಕವೂ ಎಲ್ಲ ಹೆಣ್ಣು. ಅಷ್ಟರಲ್ಲಿ ಮನೆಯ ಬಾಟಲಿಯಲ್ಲಿ ಮೊಟ್ಟೆಯೊಡೆದು ಮರಿಗಳಾಗಿದ್ದವು. ಉಳಿದದ್ದು ಅವುಗಳ ಮೇಲಿನ ಆಸೆಯೊಂದೇ. ತಿಂಗಳುಗಟ್ಟಲೆ ಕಾದೆ.

ಪರೀಕ್ಷೆಯ ಕೆಲಸಕ್ಕೆ ಮುಧೋಳಕ್ಕೆ ಹೋಗಿದ್ದಾಗ ಅತ್ತೆಯ ಫೋನ್ ಬಂತು.

"ಲಗೂ ಬಾ! ದೊಡ್ಡದು ಅಂಗಿ ಕಳಕೊಂಡೈತಿ, ಹಾಲಿನಂಗ ಬೆಳ್ಳಗ ಆಗೇತಿ. ಸಾಯ್ತೈತೋ ಏನೋ!"

ಸಾಯುತ್ತಿರಲಿಲ್ಲ, ಪೊರೆ ಕಳಚಿತ್ತು. ಬಹುಶಃ ಕೊನೆಯ ಪೊರೆ! ಕೆಲಸ ಮುಗಿದದ್ದೇ ತಡ, ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡೇ ಜಮಖಂಡಿಗೆ ಬಂದೆ. ಚಪ್ಪಲಿ ಬಿಡುವುದೂ ಮರೆತು ಭೂತಗನ್ನಡಿ ಹಿಡಿದೆ. ಬಿಳುಪು ಮಾಗಿ ಕಂದಾಗಿತ್ತು. ಗಿಡ್ಡ ರೆಕ್ಕೆಯಲ್ಲಿ ನರಗಳು ಸ್ಪಷ್ಟವಾಗಿ ಮೂಡಿದ್ದವು. ಹೊಟ್ಟೆಯ ಹಿಂತುದಿಯಲ್ಲಿ, ಬೆಳೆದ ಜಿರಲೆಗಳಲ್ಲಿ ಗಂಡಿಗೆ ಮಾತ್ರ ಇರುವ ಎರಡು ಪುಟ್ಟ ಕಡ್ಡಿಗಳು.

"ಗಂಡ್ರೀ ಅತ್ತಿ, ಗಂಡು!"

ಅತ್ತೆ ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು.

ಆಮೇಲೆ ಕಾಲೇಜಿನ ಸೂಕ್ಷ್ಮದರ್ಶಕದ ಮುಂದೆ ಕೂತು ಅಳೆದೆ, ಚಿತ್ರ ಬರೆದೆ, ಒಂದೊಂದು ವಾಕ್ಯವನ್ನೂ ಗುರುಗಳಿಗೆ ಓದಿ ಹೇಳಿ ತಿದ್ದಿದೆ. ಈ ಲೋಕದಲ್ಲಿ ಯಾರೂ ಇನ್ನೂ ವರ್ಣಿಸದ ಜೀವಿಯೊಂದರ ಬಗ್ಗೆ ಬರೆಯುತ್ತಿದ್ದೇನೆಂದು ನೆನಪಾದಾಗಲೆಲ್ಲ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕುತ್ತಿದ್ದೆ.

ಲೇಖನ ಅಚ್ಚಾಗಿ ಬಂದ ದಿನ ಅತ್ತೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಓಣಿಯ ಮನೆಗಳಿಗೆಲ್ಲ ಹೋಗಿಬಂದರು. ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಚಿತ್ರದ ಮೇಲೆ ಬೆರಳಿಟ್ಟು ಹೇಳುತ್ತಿದ್ದುದು ಒಂದೇ ಮಾತು:

"ಇದು ನಮ್ಮ ಮನ್ಯಾಗ ಹುಟ್ಟಿದ್ದರೀ!"