ಹೊಸ ಸೈಕಲ್‌ಗೆ ಹರಳೆಣ್ಣೆ

ಆ ದಿನಗಳಲ್ಲಿ ನಮ್ಮ ಮನೆಯ ಮಿಕ್ಸಿಗೆ ಪ್ಲಗ್ ಸಿಗುತ್ತಿರಲಿಲ್ಲ. ಅಡುಗೆಕಟ್ಟೆಯ ಮೇಲಿನ ಒಂದೇ ಪ್ಲಗ್ಗಿನಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಬ್ಯಾಟರಿಯೊಂದು ದೀಪ ಮಿನುಗಿಸುತ್ತಾ ಕೂತಿರುತ್ತಿತ್ತು. ಅದು ಮಗಳ ಸೈಕಲ್ಲಿನ ಗೇರಿನ ಬ್ಯಾಟರಿ. ಚಟ್ನಿಗೆ ಕಾಯಿ ತುರಿದಿಟ್ಟುಕೊಂಡು ಅದರ ದೀಪ ಹಸಿರಾಗುವುದನ್ನೇ ಕಾಯುತ್ತಾ ನಾನು ಎಷ್ಟೋ ಬೆಳಿಗ್ಗೆ ನಿಂತಿದ್ದೇನೆ.

"ಸೈಕಲ್ಲಿಗೆ ಕರೆಂಟು ಹಾಕಿದ್ರೆ ಮತ್ತೆ ತುಳಿಯೋದ್ಯಾಕೆ?" ಎಂದು ನಮ್ಮತ್ತೆ ಕೇಳುತ್ತಿದ್ದರು.

"ತುಳಿಯೋಕಲ್ಲ ಅಜ್ಜಿ, ಗೇರ್ ಬದಲಾಯಿಸೋಕೆ. ನೋಡು, ತಂತೀನೇ ಇಲ್ಲ."

"ತಂತಿ ಇಲ್ದೆ ಹೆಂಗೇ ಬದಲಾಗ್ತದೆ? ಟೀವಿ ರಿಮೋಟಾ ಅದು?"

"ಹ್ಞೂಂ, ಹಂಗೇ ಅಂದ್ಕೋ."

"ಹಂಗಾದ್ರೆ ಸೋಫಾ ಮೇಲೆ ಕೂತ್ಕೊಂಡೇ ಓಡ್ಸು, ಬೆಟ್ಟಕ್ಕೆ ಯಾಕೆ ಹೋಗ್ತೀಯ?"

ನಮ್ಮದು ಊಟಿ ಕಡೆಯ ತುಮ್ಮನಟ್ಟಿ ಹತ್ತಿರ ಕ್ಯಾರೆಟ್ ಬೆಳೆಯುವ ಮನೆ. ಮಾವನವರ ತಂದೆ ನಂಜನಗೂಡಿನ ಕಡೆಯಿಂದ ತರಕಾರಿ ವ್ಯಾಪಾರಕ್ಕೆಂದು ಬೆಟ್ಟ ಹತ್ತಿ ಬಂದವರು ಇಲ್ಲೇ ಉಳಿದರು. ನಮ್ಮ ಯಜಮಾನರು ಈಗ ಬೆಳೆಯುತ್ತಾರೆ, ಪಿಕಪ್ ಗಾಡಿಯಲ್ಲಿ ಮೇಟುಪಾಳ್ಯದ ಮಂಡಿಗೆ ಸಾಗಿಸುತ್ತಾರೆ. ಇಂಥ ಮನೆಯ ಒಬ್ಬಳೇ ಮಗಳು, ಓದು ಮುಗಿಸಿ, ಬೆಟ್ಟದ ಸೈಕಲ್ ಓಡಿಸಿ ನೋಡುವ ಕೆಲಸ ಹಿಡಿದಿದ್ದಳು. ಕೆಳಗಿನ ಬಯಲುಸೀಮೆಯ ಒಂದು ಸೈಕಲ್ ಕಂಪನಿಯವರು ಹೊಸ ಮಾದರಿಗಳನ್ನು ಅಂಗಡಿಗೆ ಬಿಡುವ ಮೊದಲು ಅವಳಿಗೆ ಕಳಿಸುತ್ತಿದ್ದರು. ಅವಳು ಅವನ್ನು ಟೀ ತೋಟಗಳ ಕಾಲುದಾರಿಯಲ್ಲಿ, ಕಲ್ಲು ಬೇರುಗಳ ಮೇಲೆ, ಮಂಜಿನಲ್ಲಿ, ಕೆಸರಿನಲ್ಲಿ ಓಡಿಸಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ತಿಳಿಸಬೇಕು.

ಆಗ ಬಂದಿದ್ದದ್ದು ಆ ವರ್ಷದ ಅವರ ದೊಡ್ಡ ಸೈಕಲ್. ಮುಂದಿನ ಚಕ್ರ ದೊಡ್ಡದು, ಹಿಂದಿನದು ಒಂದಿಷ್ಟು ಸಣ್ಣದು. ನನಗೆ ಮೊದಲು ಅದು ಯಾರೋ ಪ್ಯಾಕ್ ಮಾಡುವಾಗ ಮಾಡಿದ ತಪ್ಪು ಅನ್ನಿಸಿತ್ತು. ಹಾಗಲ್ಲವಂತೆ, ಮುಂದಿನದು ಕಲ್ಲುಗಳನ್ನು ಸಲೀಸಾಗಿ ದಾಟುತ್ತದೆ, ಹಿಂದಿನದು ತಿರುವಿನಲ್ಲಿ ಚುರುಕಾಗಿ ಬಾಗುತ್ತದೆ. ಒಂದು ಗುಂಡಿ ಒತ್ತಿದರೆ ಸೀಟು ತಾನಾಗಿ ತಗ್ಗುತ್ತಿತ್ತು. ಇಳಿಜಾರಿನಲ್ಲಿ ಮೈ ಹಿಂದಕ್ಕೆ ಹಾಕಲು ಅನುಕೂಲ. ಮುಖ್ಯವಾಗಿ ಅದರ ಬ್ರೇಕ್ ಹೊಸದು. ಚಕ್ರದ ನಡುವೆ ತೂತು ತೂತಾದ, ತಿಂಡಿ ತಟ್ಟೆಯಷ್ಟಗಲದ ಉಕ್ಕಿನ ಬಿಲ್ಲೆ. ಕೈಹಿಡಿ ಒತ್ತಿದರೆ ಕೊಳವೆಯೊಳಗಿನ ದ್ರವ ಎರಡು ಪ್ಯಾಡುಗಳನ್ನು ತಳ್ಳಿ ಆ ಬಿಲ್ಲೆಯನ್ನು ಅಮುಕಿ ಹಿಡಿಯುತ್ತದೆ. ಕಂಪನಿಯವರೇ ಮೊದಲ ಸಲ ತಾವಾಗಿ ತಯಾರಿಸಿದ ಬ್ರೇಕ್ ಅದು. ದೀಪಾವಳಿಗೆ ಮುಂಚೆ ಅಂಗಡಿಗೆ ಬರಬೇಕು.

"ಇದೊಂದನ್ನ ಸರಿಯಾಗಿ ಮುಗಿಸಿದ್ರೆ ನನ್ನ ಕೆಲಸ ಕಾಯಂ ಅಮ್ಮಾ," ಎಂದಿದ್ದಳು ಮಗಳು. "ಇಲ್ಲೇ ಇರಬಹುದು. ಎಲ್ಲೂ ಹೋಗಬೇಕಾಗಿಲ್ಲ."

ಅವಳ ಮೊಣಕಾಲಿನ ಕಲೆಗಳನ್ನು ನೋಡುತ್ತಾ ನಾನು "ಒಳ್ಳೇದಾಗ್ಲಿ" ಎಂದೆ. ಅವಳು ಮನೆಯಲ್ಲೇ ಇರುವುದು ನನಗೆ ಬೇಕು, ಇಳಿಜಾರು ಬೇಡ. ಕಂಪನಿಯವರು ಎರಡನ್ನೂ ಒಟ್ಟಿಗೆ ಕಟ್ಟಿ ಕೊಡುತ್ತಿದ್ದರು.

ಆಯುಧಪೂಜೆಯ ಹಿಂದಿನ ಸಂಜೆ ಅವಳು ಹಜಾರದಲ್ಲಿ ಹಳೆಯ ಪೇಪರ್ ಹಾಸಿಕೊಂಡು ಬ್ರೇಕಿಗೆ ಹೊಸ ಪ್ಯಾಡ್ ಹಾಕಿದಳು. ಹೊಸ ಪ್ಯಾಡ್ ಮೊದಲಿಗೆ ಅಷ್ಟಾಗಿ ಹಿಡಿಯುವುದಿಲ್ಲವಂತೆ. ಓಡಿಸುತ್ತಾ ಒತ್ತಿ, ಬಿಟ್ಟು, ಮತ್ತೆ ಒತ್ತಿ ಪಳಗಿಸಬೇಕಂತೆ. ಹೊಸ ತವಾದ ಮೊದಲ ದೋಸೆಗಳ ಹಾಗೆ, ಎಂದು ನನಗೆ ಅರ್ಥವಾಗಲೆಂದು ಹೇಳಿದಳು.

ಆಯುಧಪೂಜೆ ಎಂದರೆ ನಮ್ಮ ಮನೆಯಲ್ಲಿ ಅತ್ತೆಯವರ ಹಬ್ಬ. ನಮ್ಮ ಊರಿನ ಚಳಿ, ಮಂಜಿಗೆ ಕಬ್ಬಿಣ ಎನ್ನುವುದು ನಿಲ್ಲುವುದೇ ಇಲ್ಲ. ರಾತ್ರಿ ಹೊರಗೆ ಮರೆತ ಕುಡುಗೋಲು ಬೆಳಿಗ್ಗೆ ಕೆಂಪಾಗಿರುತ್ತದೆ. ಹಾಗಾಗಿ ಅವರದೊಂದು ಕಟ್ಟುನಿಟ್ಟು: ಕಬ್ಬಿಣಕ್ಕೆ ಎಣ್ಣೆ ಮುಟ್ಟಿಸದೆ ಕುಂಕುಮ ಇಡಬಾರದು. ಬೆಳಿಗ್ಗೆಯೇ ಹಿತ್ತಾಳೆ ಬಟ್ಟಲಲ್ಲಿ ಹರಳೆಣ್ಣೆ, ಹಳೆಯ ಪಂಚೆಯ ತುಂಡು ಇಟ್ಟುಕೊಂಡು ಮಣೆಯ ಮೇಲೆ ಕೂರುತ್ತಾರೆ. ಗುದ್ದಲಿ, ಸನಿಕೆ, ಈಳಿಗೆಮಣೆ, ನನ್ನ ಹೊಲಿಗೆ ಮೆಷಿನ್ನು, ಪಿಕಪ್ಪಿನ ಜಾಕ್, ಒಂದನ್ನೂ ಬಿಡುವುದಿಲ್ಲ. ನಾನು ಒಳಗೆ ಕಡಲೆ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಮಗಳು ಬಾಳೆಕಂದು ತರಲು ಅಪ್ಪನ ಜೊತೆ ಹೋಗಿದ್ದಳು. ಪೂಜೆಯ ಹೊತ್ತಿಗೆ ಎಲ್ಲವೂ ಸಾಲಾಗಿ ನಿಂತಿದ್ದವು. ಸೈಕಲ್ಲಿನ ಹ್ಯಾಂಡಲ್ಲಿಗೆ ಸೇವಂತಿಗೆ, ಚಕ್ರದ ನಡುವೆ ಗಂಧ, ಕುಂಕುಮ. ಮಗಳು ಅಜ್ಜಿಯ ಭುಜ ಹಿಡಿದು ಫೋಟೋ ತೆಗೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಯಜಮಾನರು ಮಂಡಿಗೆ ಹೊರಟಿದ್ದರು. ಕ್ಯಾರೆಟ್ ಮೂಟೆಗಳ ಮೇಲೆ ಸೈಕಲ್ ಮಲಗಿಸಿ ಅಪ್ಪನ ಜೊತೆ ಅವಳೂ ಹೋದಳು. ಕೀಳ್ ಕೋತಗಿರಿಯ ಹತ್ತಿರ ಇಳಿದು, ಟೀ ತೋಟದ ನಡುವಿನ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷೆ ಮಾಡುವುದೆಂದು ಗೊತ್ತಾಗಿತ್ತು.

ನಾನು ಅಕ್ಕಿ ಆರಿಸುತ್ತಿದ್ದಾಗ ಫೋನ್ ಬಂತು. ಅವಳದೇ ನಂಬರು, ಆದರೆ ಬೇರೆ ಹೆಂಗಸಿನ ದನಿ. "ಅಮ್ಮಾ, ಬಯಪ್ಪಡಾದೀಂಗ, ಪಾಪ್ಪಾವುಕ್ಕು ಒಣ್ಣುಮಿಲ್ಲೆ." ಹೆದರಬೇಡಿ, ಮಗುವಿಗೆ ಏನೂ ಆಗಿಲ್ಲ ಎಂದು ಹೇಳಿದರೆ ಯಾವ ತಾಯಿ ಹೆದರದೆ ಇರುತ್ತಾಳೆ? ಟೀ ಎಲೆ ಕೀಳುವ ಹೆಂಗಸು ಆಕೆ. ತಿರುವಿನಲ್ಲಿ ಸೈಕಲ್ ನಿಲ್ಲದೆ ನೇರ ಹೋಗಿ, ಮಗಳು ಗಿಡಗಳ ಮೇಲಿಂದ ಹಾರಿ ಕೆಳಗಿನ ಸಾಲಿನಲ್ಲಿ ಬಿದ್ದಿದ್ದಳಂತೆ. ಟೀ ಗಿಡಗಳು ಒತ್ತಾಗಿದ್ದುದರಿಂದ ಬದುಕಿದಳು. ಅವುಗಳಾಚೆ ಕಂದಕವಿತ್ತು.

ಕೋತಗಿರಿಯ ಆಸ್ಪತ್ರೆಯಲ್ಲಿ ಅವಳು ಕೂತಿದ್ದಾಗ ಕೂದಲಲ್ಲಿ ಟೀ ಚಿಗುರೊಂದು ಸಿಕ್ಕಿಕೊಂಡಿತ್ತು. ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ನನ್ನನ್ನು ನೋಡಿ ಅವಳು ಮೊದಲು ಹೇಳಿದ್ದು, "ಬ್ರೇಕ್ ಹಿಡೀಲಿಲ್ಲ ಅಮ್ಮಾ. ಕೈಗೆ ಗಟ್ಟಿಯಾಗೇ ಸಿಗ್ತಿತ್ತು. ಆದ್ರೆ ಹಿಡೀಲಿಲ್ಲ."

"ಶುರುನಲ್ಲೇ ಗೊತ್ತಾಗ್ಲಿಲ್ವಾ?" ಎಂದರು ಅವಳಪ್ಪ.

"ಹೊಸ ಪ್ಯಾಡು, ಪಳಗಿಲ್ಲ ಅಂದ್ಕೊಂಡೆ. ಮಂಜು ಬೇರೆ. ಒತ್ತಿ ಒತ್ತಿ ಬಿಡ್ತಾ ಹೋದೆ. ಪಳಗೋ ಬದ್ಲು ಇನ್ನೂ ಜಾರ್ತು."

ಸಂಜೆ ಮನೆಗೆ ಬಂದ ಮೇಲೆ ಅವಳು ಕಂಪನಿಗೆ ಫೋನ್ ಮಾಡಿದಳು. ಪಕ್ಕದಲ್ಲಿ ಕೂತು ಅವಳ ಬಾಯಿಗೆ ಗಂಜಿ ಹಾಕುತ್ತಿದ್ದುದರಿಂದ ಎಲ್ಲ ಕೇಳಿಸಿತು. ಅವಳ ಮೇಲಧಿಕಾರಿ ಬಹಳ ನೊಂದುಕೊಂಡರು. ಆಮೇಲೆ, ಸೈಕಲ್ ಅಂಗಡಿಗೆ ಹೋಗುವ ಮೊದಲೇ ನೀನು ಇದನ್ನು ಹಿಡಿದೆ, ಇನ್ನೆಷ್ಟು ಜನರ ಜೀವ ಉಳಿಸಿದೆಯೋ, ನಿನ್ನಂಥವರು ನಮಗೆ ಬೇಕು, ಕೆಲಸದ ಬಗ್ಗೆ ಚಿಂತೆ ಮಾಡಬೇಡ ಎಂದರು. ಸೈಕಲ್‌ಗಳನ್ನು ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿದ್ದರಂತೆ. ಸ್ವಲ್ಪ ಹೊತ್ತಿಗೆ ಮತ್ತೊಬ್ಬರು ಫೋನ್ ಮಾಡಿದರು. ಆ ಬ್ರೇಕ್ ರೂಪಿಸಿದ ಎಂಜಿನಿಯರ್ ಹೆಂಗಸು. ಆಕೆ ಮಗಳಿಗೆ ಏನನ್ನೂ ಎದುರು ಹೇಳಲಿಲ್ಲ. ಕೈಹಿಡಿ ಎಷ್ಟು ಒಳಗೆ ಬಂತು, ಶಬ್ದ ಬಂತಾ, ವಾಸನೆ ಬಂತಾ ಎಂದು ಮೆಲ್ಲಗೆ, ಅಳು ನುಂಗಿಕೊಂಡವರ ಹಾಗೆ ಕೇಳಿದರು. ಮಾರನೆಯ ದಿನ ಸೈಕಲ್ ಒಯ್ಯಲು ವ್ಯಾನ್ ಬರುವುದಿತ್ತು.

ಬೇರೆಯವರ ವಸ್ತುವನ್ನು ಕೊಳಕಾಗಿ ಹಿಂತಿರುಗಿಸಬಾರದು ಎಂದು ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ಹೇಳಿಕೊಟ್ಟದ್ದು ನನ್ನ ಕೈಯಲ್ಲಿ ಇನ್ನೂ ಕೂತಿದೆ. ಬೆಳಿಗ್ಗೆ ಬಕೆಟ್ಟಿನಲ್ಲಿ ಸೋಪುನೀರು ಕಲಸಿಕೊಂಡು, ಯಜಮಾನರು ಪಿಕಪ್ಪಿನಲ್ಲಿ ಸೈಕಲ್ ತಂದಿಟ್ಟಿದ್ದ ಷೆಡ್ಡಿಗೆ ಹೋದೆ. ಕೆಸರು ಒಣಗಿತ್ತು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಮಗುವಾಗಿದ್ದಾಗ ಇವಳ ನೆತ್ತಿಗೆ ಹಾಕಲು ಬಿಸಿ ಮಾಡುವಾಗ ಮರೆತು ಸುಟ್ಟಿದ್ದ ಹರಳೆಣ್ಣೆಯ ವಾಸನೆ. ಬಿಲ್ಲೆಯ ತೂತುಗಳ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಟ್ಟಿತ್ತು. ಬೆರಳಿಟ್ಟೆ, ಜಾರಿತು. ನಡುವಿನ ತಿರುಪುಗಳ ತಲೆಯಲ್ಲಿ ಕುಂಕುಮ ಎಣ್ಣೆಯ ಜೊತೆ ಕಲಸಿ ನಿಂತಿತ್ತು.

ಬಟ್ಟೆಯನ್ನು ನೀರಿಗೆ ಅದ್ದಿದವಳು ಹಾಗೇ ಬಿಟ್ಟೆ.

ಅತ್ತೆ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತಿದ್ದರು. "ಅತ್ತೆ, ಮೊನ್ನೆ ಅವಳ ಸೈಕಲ್ಲಿಗೂ ಎಣ್ಣೆ ಹಚ್ಚಿದ್ರಾ?"

"ಹಚ್ದೆ ಬಿಡ್ತೀನಾ? ಎರಡೂ ತಟ್ಟೆ ಲಕಲಕ ಅಂತಿದ್ವು, ಹಂಗೇ ಬಿಟ್ರೆ ತುಕ್ಕು ಹಿಡೀತಾವೆ ಅಂತ ಎಲ್ಲದಕ್ಕಿಂತ ಜಾಸ್ತಿ ಅದಕ್ಕೇ ತಿಕ್ಕಿದೆ. ನನ್ನ ಮೊಮ್ಮಗಳು ಜೀವ ಇಟ್ಟು ಕೂರೋ ಗಾಡಿ ಅಲ್ವೇನೇ." ಕಾಲು ಬಿಸಿಲಿಗೆ ಚಾಚುತ್ತಾ ಹೇಳಿದರು. "ಇಷ್ಟು ಮಾಡಿದ್ರೂ ಬಿದ್ಲಲ್ಲ. ಕುಂಬಳಕಾಯಿ ಸರ್ಯಾಗಿ ಒಡೀಲಿಲ್ಲ ನಿನ್ನ ಗಂಡ."

ಒಳಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಶೇವ್ ಮಾಡಿಕೊಳ್ಳುತ್ತಿದ್ದವರು ಕನ್ನಡಿಯಲ್ಲೇ ನನ್ನನ್ನು ನೋಡಿದರು.

"ಯಾರಿಗೂ ಹೇಳ್ಬೇಡ."

"ಅದು ಬ್ರೇಕಿನ ತಪ್ಪಲ್ಲ ಕಣ್ರೀ."

"ತೊಳೆಯೋಕೆ ಹೋಗಿದ್ದೆ ತಾನೆ? ತೊಳೆದು ಕಳಿಸು. ಅವಳಿಗೆ ಕೆಲಸ ಕಾಯಂ ಅಂದಿದಾರೆ. ಎಣ್ಣೆ ಹಚ್ಚಿದ್ದನ್ನೂ ನೋಡ್ದೆ ಹತ್ತಿದ್ಲು ಅಂತ ಗೊತ್ತಾದ್ರೆ ಪರೀಕ್ಷೆ ಮಾಡೋರು ಅಂತ ಇಟ್ಕೋತಾರಾ? ನಮ್ಮಮ್ಮನಿಗೆ ಗೊತ್ತಾದ್ರೆ ಅವರು ಊಟ ಬಿಡ್ತಾರೆ. ನಿನ್ನ ನಿಜ ಯಾರಿಗೆ ಬೇಕು ಹೇಳು?"

ಆ ಎಂಜಿನಿಯರ್ ಹೆಂಗಸಿಗೆ ಬೇಕು ಎಂದು ನನ್ನ ಬಾಯಿಗೆ ಬಂತು. ರಾತ್ರಿಯೆಲ್ಲ ಲೆಕ್ಕ ಹಾಕಿ, ತನ್ನ ತಪ್ಪೆಲ್ಲಿ ಎಂದು ಇಲ್ಲದ ಜಾಗದಲ್ಲಿ ಹುಡುಕುತ್ತಿರುತ್ತಾರೆ. ಅದು ನಿಜವೇ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ನಿಂತಿತ್ತು: ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಳಿಜಾರು ಹೋಗುತ್ತದೆ. ಎರಡರಲ್ಲಿ ಯಾವುದು ನನ್ನನ್ನು ಅವಳ ಕೋಣೆಗೆ ನಡೆಸಿತು ಎಂದು ನಾನು ಈಗಲೂ ಖಚಿತವಾಗಿ ಹೇಳಲಾರೆ.

ಅವಳು ದಿಂಬಿಗೆ ಒರಗಿ ಎಡಗೈಯಲ್ಲಿ ಲ್ಯಾಪ್‌ಟಾಪಿನಲ್ಲಿ ರಿಪೋರ್ಟು ಟೈಪ್ ಮಾಡುತ್ತಿದ್ದಳು. ನಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಎದ್ದು, ಕುತ್ತಿಗೆಗೆ ಕಟ್ಟಿದ ಕೈಜೋಲಿಯಲ್ಲಿದ್ದ ತೋಳನ್ನು ಹಿಡಿದುಕೊಂಡು ಷೆಡ್ಡಿಗೆ ಬಂದಳು. ಬಿಲ್ಲೆಗೆ ಮೂಗಿಟ್ಟು ನೋಡಿದಳು.

"ಎಣ್ಣೆ ತಾಕಿದ್ರೆ ಪ್ಯಾಡು ಹೀರ್ಕೊಂಡ್ಬಿಡತ್ತೆ ಅಮ್ಮಾ," ಎಂದಳು. "ಬೆರಳಲ್ಲಿ ಮುಟ್ಟೋಕೂ ನಾನು ಹೆದರ್ತೀನಿ. ಹತ್ತೋ ಮುಂಚೆ ಸ್ಪಿರಿಟ್ ಹಾಕಿ ಒರೆಸ್ಬೇಕು. ದಿನಾ ಒರೆಸ್ತೀನಿ. ಅವತ್ತು ಕುಂಕುಮ ಅಳಿಸೋಕೆ ಮನಸ್ಸು ಬರ್ಲಿಲ್ಲ. ಅಜ್ಜಿ ಇಟ್ಟಿದ್ದು ಅಂತ."

ಅಲ್ಲೇ, ಷೆಡ್ಡಿನ ಬಾಗಿಲಲ್ಲೇ ನಿಂತು ಕಂಪನಿಗೆ ಫೋನ್ ಮಾಡಿದಳು. ಬ್ರೇಕಿನದು ತಪ್ಪಿಲ್ಲ, ಪೂಜೆ ಮಾಡುವಾಗ ಎಣ್ಣೆ ತಾಗಿತ್ತು, ನಾನು ನೋಡಿಕೊಳ್ಳಲಿಲ್ಲ ಎಂದಳು. ಅಜ್ಜಿಯ ಹೆಸರೆತ್ತಲಿಲ್ಲ. ಆ ಕಡೆಯವರು ಒಂದೆರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ಮಧ್ಯಾಹ್ನ ವ್ಯಾನ್ ಬಂತು. ಆ ಎಂಜಿನಿಯರ್ ಹೆಂಗಸು ಥ್ಯಾಂಕ್ಸ್ ಎಂದು ಮೆಸೇಜ್ ಕಳಿಸಿದ್ದರು. ಸೈಕಲ್ ದೀಪಾವಳಿಗೆ ಅಂಗಡಿಗೆ ಬಂತು. ಬ್ರೇಕನ್ನು ಎಲ್ಲರೂ ಹೊಗಳುತ್ತಿದ್ದಾರೆಂದು ಮಗಳೇ ಫೋನಿನಲ್ಲಿ ತೋರಿಸಿದಳು. ಅವಳ ಕೆಲಸದ ಬಗ್ಗೆ, ಸದ್ಯಕ್ಕೆ ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಮರ್ಯಾದೆಯಾಗಿಯೇ ತಿಳಿಸಿದರು.

ಅತ್ತೆಗೆ ನಿಜ ಹೇಳಬೇಕೆಂದು ಹಟ ಹಿಡಿದವಳೂ ಅವಳೇ, ಮುಂದಿನ ಸಲ ಇನ್ಯಾರದೋ ಗಾಡಿಗೆ ಹಚ್ಚಿಬಿಡುತ್ತಾರೆ ಎಂದು. ನಗುನಗುತ್ತಲೇ ಹೇಳಿದಳು, "ಅಜ್ಜಿ, ಆ ತಟ್ಟೆಗೆ ಮಾತ್ರ ಎಣ್ಣೆ ಆಗಲ್ಲ."

"ಎಣ್ಣೆ ಸೇರದ ಕಬ್ಬಿಣವೂ ಉಂಟೇನೇ?" ಎಂದವರು, ಅವಳ ಕೈಜೋಲಿ ನೋಡಿ, ತಟ್ಟನೆ ಅರ್ಥಮಾಡಿಕೊಂಡರು. ಆ ದಿನ ಊಟ ಬಿಡಲಿಲ್ಲ. ಆದರೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು.

ಆ ರಾತ್ರಿ ನಾನು ಅವಳ ಕೂದಲು ಬಾಚಿ ಜಡೆ ಹಾಕುತ್ತಿದ್ದೆ. ಬಲಗೈ ಎತ್ತಲು ಬರುತ್ತಿರಲಿಲ್ಲವಲ್ಲ. ಬೆನ್ನು ಮಾಡಿ ಕೂತವಳು ಕೇಳಿದಳು.

"ಈಗ ನಿಂಗೆ ಸಮಾಧಾನಾನಾ ಅಮ್ಮಾ?"

ಕೊಂಕಿನಿಂದ ಕೇಳಿದಳೋ ಪ್ರೀತಿಯಿಂದಲೋ, ಮುಖ ಕಾಣಲಿಲ್ಲ. ನಾನು ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ.

ಮೂಳೆ ಕೂಡಿದ ಮೇಲೆ ಅವಳು ಊಟಿಯ ಒಂದು ಬೇಕರಿಯಲ್ಲಿ ಬಿಲ್ಲಿಂಗಿಗೆ ಸೇರಿದಳು. ರಜೆಯ ದಿನ ಬೆಳಿಗ್ಗೆ, ಕ್ಯಾರೆಟ್ ತೊಳೆಯುವ ಕೊಟ್ಟಿಗೆಯಿಂದ ತನ್ನ ಕಾಲೇಜು ದಿನಗಳ ಸೈಕಲ್ ಹೊರಗೆಳೆಯುತ್ತಾಳೆ. ಅದಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ, ತಗ್ಗುವ ಸೀಟಿಲ್ಲ. ಬ್ರೇಕ್ ಎಂದರೆ ರಿಮ್ಮನ್ನು ಹಿಡಿಯುವ ಎರಡು ರಬ್ಬರ್ ತುಂಡು. ಮಂಜಿನಲ್ಲಿ ಒದ್ದೆಯಾದರೆ ಅವು ಹೇಗೆ ಹಿಡಿಯುತ್ತವೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ಇಳಿಜಾರುಗಳಿಗೆ ಹೋಗುತ್ತಾಳೆ. ಹೇಗಿತ್ತು ಎಂದು ಕೇಳುವವರಾರೂ ಈಗಿಲ್ಲ.

ನಾನು ಗೇಟಿನವರೆಗೆ ಹೋಗಿ, ಅವಳ ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿದೆಯೇ ಎಂದು ಒಂದು ಬೆರಳು ತೂರಿಸಿ ನೋಡುತ್ತೇನೆ. "ಸಾಕು ಬಿಡು ಅಮ್ಮಾ," ಎನ್ನುತ್ತಾಳೆ. ಬಿಡುತ್ತೇನೆ.