ಕಾಕುವಿನ ಬರ್ಫ

ಔರಾದ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲು ಮಾರುತ್ತಿದ್ದ ಕಾಕು, ಪೊಲೀಸ್ ಭರ್ತಿಯ ಓಟದ ಪರೀಕ್ಷೆಗೆಂದು ಓಡಿ ಓಡಿ ನಾನು ಕುಂಟುತ್ತ ಬಂದಾಗಲೆಲ್ಲ ಗೋಣಿ ಬಿಚ್ಚಿ ತಣ್ಣನೆಯ ಬರ್ಫಗಡ್ಡೆ ಒಡೆಯುತ್ತಿದ್ದಳು. ಅದನ್ನು ಸೆರಗಿನಲ್ಲಿ ಸುತ್ತಿ ನನ್ನ ಮೊಣಕಾಲ ಕೆಳಗೆ ಒತ್ತುವಳು. “ಬರ್ಫ ನೋವು ಮುಚ್ಚತದವ್ವಾ, ಮಾಯಸಂಗಿಲ್ಲ. ಎರಡು ದಿನ ಕುಂದ್ರು” ಎಂಬುದು ಅವಳ ಎಂದಿನ ಮಾತು.

ಒಂದು ದಿನ “ಆಯ್ತ್ರಿ ಕಾಕು” ಎಂದವಳೇ, ಕಾಲಿನ ಜೋಮು ಬಿಡುವ ಮೊದಲೇ ಮೈದಾನಕ್ಕೆ ಹೋಗಿ ಓಡಿದೆ. ಎಲುಬು ಬಿರುಕುಬಿಟ್ಟಿತು.

ಮನೆಯಲ್ಲಿ ಬೈಗುಳಕ್ಕೆ ಹೆದರಿ, “ಕಾಕು ಬರ್ಫ ಹಚ್ಚಿದ್ಲು, ಅದಕ್ಕೇ ಹಿಂಗಾತು” ಎಂದುಬಿಟ್ಟೆ. ಅವ್ವ ಹೋಗಿ ಅವಳ ಗಾಡಿಯ ಮುಂದೆ ಕೂಗಾಡಿದಳು. ಕಾಕು ಕೇಳಿದ್ದು ಇಷ್ಟೇ: “ಹುಡುಗಿ ಈಗ ಹ್ಯಾಂಗದಾಳ್ರಿ?”

ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಕುವಿನ ಗಾಡಿಯ ಹತ್ತಿರ ಹೋಗಿ ನೋಡಿದೆ. ಮತ್ತೊಬ್ಬ ಹುಡುಗಿ ಕುಂಟುತ್ತ ಬಂದು ನಿಂತಿದ್ದಳು. ಕಾಕು, ಬರ್ಫ ತುಂಬಿದ್ದ ಗೋಣಿಯ ಮೇಲೆ ಕೈಯಿಟ್ಟು, “ಬರ್ಫ ಖತಂ ಆಗ್ಯಾದವ್ವಾ” ಎಂದಳು.