ಐರ್ಲೆಂಡಿಗೆ ಒಂದು ಫೋನು

ಅವರ ಬಿಳಿ ತೋಳಿನ ಮೇಲೆ ಮೊಣಕೈವರೆಗೂ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿದ್ದವು. ಅಮೆರಿಕದ ಕೊಲಂಬಿಯಾ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಉತ್ತರ ಐರ್ಲೆಂಡಿನಿಂದ ಬಂದು ನೆಲೆಸಿದವರು, ಗಂಡ ತೀರಿಕೊಂಡಿದ್ದರು, ವಯಸ್ಸು ಎಪ್ಪತ್ತರ ಹತ್ತಿರ. ನಾನು ಆಂಟಿ ಅನ್ನುತ್ತಿದ್ದೆ. ನನಗೆ ಡ್ರೈವಿಂಗ್ ಬರದು, ತರಕಾರಿಗೆ ಅವರ ಕಾರಿನಲ್ಲೇ ಹೋಗುತ್ತಿದ್ದೆ. ದೇವರು ಕೊಟ್ಟ ನೆರೆ.

೧೯೯೮ರ ಏಪ್ರಿಲ್‌ನ ಒಂದು ಶುಕ್ರವಾರ ಅವರ ನಾಡಿನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಶಾಂತಿ ಒಪ್ಪಂದ ಆಯಿತೆಂದು ಟಿವಿಯಲ್ಲಿ ಬಂತು. ಗುಡ್ ಫ್ರೈಡೇ ಬೇರೆ. ಹಬ್ಬದ ದಿನ ಒಳ್ಳೆ ಸುದ್ದಿ ಅಂದುಕೊಂಡು, ಲಕ್ಷ್ಮಿಗೆ ನೈವೇದ್ಯ ಮಾಡಿದ್ದ ಹೆಸರುಬೇಳೆ ಪಾಯಸ ಹಿಡಿದು ಓಡಿದೆ. ಆಂಟಿ ಕಪ್ಪು ಬಟ್ಟೆಯಲ್ಲಿ ಬಾಗಿಲು ತೆಗೆದರು. ಬೆಳಗಿನಿಂದ ಉಪವಾಸವಂತೆ.

"ಇವತ್ತು ನಮ್ಮ ಸ್ವಾಮಿ ಶಿಲುಬೆ ಮೇಲೆ ಸತ್ತ ದಿನ ಕಣಮ್ಮ," ಎಂದು ನಕ್ಕರು. ನಾನು ನಾಚಿಕೆಯಿಂದ ಕುಗ್ಗಿಹೋದೆ. "ಭಾನುವಾರ ಎದ್ದು ಬರ್ತಾನೆ. ಅವತ್ತು ಮೊದಲು ಇದನ್ನೇ ತಿಂತೀನಿ," ಎಂದು ಪಾಯಸವನ್ನು ಫ್ರಿಜ್ಜಿನಲ್ಲಿಟ್ಟರು.

ಅವತ್ತೇ ತಮ್ಮನ ವಿಷಯ ಹೇಳಿದ್ದು. ಆಂಟಿ ಪ್ರಾಟೆಸ್ಟೆಂಟರ ಮನೆ ಹುಡುಗಿ. ಕ್ಯಾಥೊಲಿಕ್ ಹುಡುಗನನ್ನು ಮದುವೆಯಾಗಿ ಅವನ ಮತಕ್ಕೇ ಸೇರಿದ್ದರು. ಅಂದಿನಿಂದ ಇದ್ದೊಬ್ಬ ತಮ್ಮ ಮಾತು ಬಿಟ್ಟಿದ್ದರು.

"ಅಷ್ಟು ಹೊಡೆದಾಡ್ಕೊಂಡೋರೇ ರಾಜಿ ಆದ್ರು. ನಾನೂ ಒಂದು ಫೋನ್ ಮಾಡ್ಲಾ?"

"ಮಾಡಿ ಆಂಟಿ. ಇವತ್ತೇ ಮಾಡಿ."

ಮೇ ತಿಂಗಳಲ್ಲಿ ಅಲ್ಲಿನ ಜನ ಒಪ್ಪಂದಕ್ಕೆ ವೋಟು ಹಾಕಿದಾಗ ಮತ್ತೆ ಕೇಳಿದೆ, "ಮಾಡಿದ್ರಾ?"

"ಬರೋ ವಾರ," ಎಂದರು.

ಆಗಸ್ಟ್ ಹದಿನೈದು, ಶನಿವಾರ. ಆಂಟಿ ಮನೆಯ ಚಪ್ಪಲಿಯಲ್ಲೇ ಓಡಿ ಬಂದರು. "ಓಮಾ ಪೇಟೆಯಲ್ಲಿ ಬಾಂಬ್! ನನ್ನ ತಮ್ಮ ಇರೋದು ಅಲ್ಲೇ. ಲೈನ್ ಸಿಕ್ತಿಲ್ಲ."

ಇದೊಂದು ವಿದ್ಯೆ ನನಗೆ ಗೊತ್ತಿತ್ತು. ಮೈಸೂರಿಗೆ ಕಾಲಿಂಗ್ ಕಾರ್ಡಿನಲ್ಲಿ ನಂಬರ್ ಒತ್ತಿ ಒತ್ತಿ ಬೆರಳು ಪಳಗಿತ್ತು. ಅವರನ್ನು ಕೂರಿಸಿ, ಒಂದು ಸಲಕ್ಕೊಂದು ರಾಮನಾಮ ಹೇಳುತ್ತಾ ಒತ್ತಿದೆ. ಪಕ್ಕದಲ್ಲಿ ಅವರ ಜಪಮಾಲೆ ತಿರುಗುತ್ತಿತ್ತು. ಎರಡು ಗಂಟೆ ಕಳೆದ ಮೇಲೆ ಗಂಡು ದನಿಯೊಂದು "ಹಲೋ" ಅಂದಿತು. ರಿಸೀವರ್ ಕೊಟ್ಟರೆ ಆಂಟಿಗೆ ಮಾತೇ ಹೊರಡಲಿಲ್ಲ. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಏಪ್ರಿಲ್‌ನಿಂದ ಪ್ರತಿ ಭಾನುವಾರ ಫೋನ್ ಮಾಡಿ, ಮಾತಾಡದೆ ಇಟ್ಬಿಡೋದು ನೀನೇನಾ ಅಕ್ಕ?"

"ಹೂಂ."

"ಚರ್ಚಿಂದ ಓಡೋಡಿ ಬಂದು ಕೂತಿರ್ತಿದ್ದೆ ಕಣೇ. ಒಂದ್ಸಲ ಬಾಯಿಬಿಡೋಕೆ ಏನಾಗಿತ್ತು ನಿಂಗೆ?"

ಅವರು ಬದುಕಿದ್ದರು. ಆ ಊರಿನ ಎಷ್ಟೋ ಮನೆಗಳಿಗೆ ಆ ಭಾಗ್ಯ ಇರಲಿಲ್ಲ. ಸಂಜೆ ಸತ್ತವರ ಹೆಸರಿನಲ್ಲೂ ಒಂದು ದೀಪ ಹಚ್ಚಿದೆ.

ಡಿಸೆಂಬರಿನಲ್ಲಿ ತಮ್ಮ ಬಂದರು. ಮೂರು ವಾರ ಅಕ್ಕ ತಮ್ಮನಿಗೆ ಚಹಾದ ಜೊತೆ ಜಗಳ. "ಯಾವಾಗ ತೊಲಗ್ತಾನೋ ಇವನು!" ಎಂದು ಆಂಟಿ ನನ್ನಲ್ಲಿ ದೂರುತ್ತಿದ್ದರು. ಮುಖ ಮಾತ್ರ ಹೂವಿನ ಹಾಗೆ ಅರಳಿರುತ್ತಿತ್ತು.

ಮುಂದಿನ ವಸಂತದಲ್ಲಿ, ಯಾರಿಗೂ ತೊಂದರೆ ಕೊಡದೆ, ಆಂಟಿ ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಗೆ ಹಾರಿ ಬಂದ ತಮ್ಮ ಅವರ ಕ್ಯಾಥೊಲಿಕ್ ಚರ್ಚಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಮೊದಲ ಸಾಲಿನ ಬೆಂಚಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. "ಯಾವಾಗ ಏಳ್ಬೇಕು, ಯಾವಾಗ ಮಂಡಿ ಊರ್ಬೇಕು, ನಂಗೊಂದೂ ಗೊತ್ತಿಲ್ಲ."

ಆಂಟಿಯ ಜೊತೆ ನಾಲ್ಕಾರು ಸಲ ಹೋಗಿದ್ದವಳು ನಾನು. ತಲೆಗೆ ಸೆರಗು ಹೊದ್ದು, "ಈಗ ಏಳಿ... ಈಗ ಕೂತ್ಕೊಳ್ಳಿ," ಎಂದು ಪಿಸುಗುಡುತ್ತಾ ಹೋದೆ. ಅಕ್ಕನನ್ನು ಕಳಿಸಿಕೊಡುವವರೆಗೂ ಆ ಹಿರಿಯರು ನನ್ನ ಒಂದು ಮಾತನ್ನೂ ಮೀರಲಿಲ್ಲ.